ಬೆಂಕಿಯಿಂದ ಗಾಲಿಯವರೆಗೆ: ಕುಟುಂಬದೊಂದಿಗೆ ರೈಲು ವಸ್ತುಸಂಗ್ರಹಾಲಯ ನೋಡುವ ಕ್ರಮ

ಮಕ್ಕಳನ್ನು ಕರೆದುಕೊಂಡು ರೈಲು ವಸ್ತುಸಂಗ್ರಹಾಲಯಕ್ಕೆ ಹೋಗುವ ಹೆಚ್ಚಿನ ಕುಟುಂಬಗಳ ದಿನ ಒಂದೇ ಬಗೆಯಲ್ಲಿ ಕಳೆಯುತ್ತದೆ. ಬಾಗಿಲು ದಾಟಿದೊಡನೆ ಮಕ್ಕಳು ಮೊದಲು ಕಂಡ ಎಂಜಿನ್ನಿನತ್ತ ಓಡುತ್ತಾರೆ. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಕಣ್ಣಿಗೆ ಬೀಳುತ್ತದೆ. ಒಂದು ಗಂಟೆಯೊಳಗೆ ಕಂಡದ್ದನ್ನೆಲ್ಲ ಮುಟ್ಟಿ, ಪುಟಾಣಿ ರೈಲಿನಲ್ಲಿ ಒಂದು ಸುತ್ತು ಹಾಕಿ, ದಣಿದು ಹೊರಗೆ ಬರುತ್ತಾರೆ. ಏನು ನೋಡಿದಿರಿ ಎಂದು ಮರುದಿನ ಕೇಳಿದರೆ ‘ದೊಡ್ಡ ದೊಡ್ಡ ರೈಲು’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗುವುದಿಲ್ಲ. ನಾನು ನನ್ನ ಮಕ್ಕಳೊಂದಿಗೆ ಮಾಡಿದ ಮೊದಲ ಎರಡು ಭೇಟಿಗಳೂ ಹೀಗೆಯೇ ಮುಗಿದವು. ಮೂರನೆಯ ಸಲ ಒಂದೇ ಒಂದು ಉಗಿ ಎಂಜಿನ್ನನ್ನು ಆರಿಸಿಕೊಂಡು, ಬೆಂಕಿ ಉರಿಯುವ ಜಾಗದಿಂದ ಗಾಲಿ ತಿರುಗುವ ಜಾಗದವರೆಗೆ ಮುಕ್ಕಾಲು ಗಂಟೆ ಅದನ್ನೇ ನೋಡಿದೆವು. ಆಮೇಲೆ ಉಳಿದ ಎಂಜಿನ್ನುಗಳ ಎದುರು ನಾನು ಬಾಯಿ ತೆರೆಯಬೇಕಾಗಲಿಲ್ಲ. ಮಕ್ಕಳೇ ನನಗೆ ತೋರಿಸತೊಡಗಿದರು. ಈ ಲೇಖನದ ಕ್ರಮ ಆ ಭೇಟಿಯಿಂದ ಹುಟ್ಟಿದ್ದು.

ಹೊರಡುವ ಮೊದಲು

ವಸ್ತುಸಂಗ್ರಹಾಲಯದ ವಾರದ ರಜೆ ಯಾವ ದಿನ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಅನೇಕ ಕಡೆ ಸೋಮವಾರ ರಜೆ ಇರುತ್ತದೆಯಾದರೂ ಅದನ್ನೇ ನಂಬಿ ಹೊರಡುವುದು ಸರಿಯಲ್ಲ. ಪುಟಾಣಿ ರೈಲಿನ ವೇಳೆಯನ್ನು ಬೇರೆಯಾಗಿ ವಿಚಾರಿಸಬೇಕು, ಏಕೆಂದರೆ ಸಂಗ್ರಹಾಲಯ ತೆರೆದಿರುವಷ್ಟು ಹೊತ್ತೂ ಅದು ಓಡುತ್ತದೆಂಬ ಭರವಸೆಯಿಲ್ಲ. ಮಳೆ ಬಂದರೆ, ರಿಪೇರಿ ಇದ್ದರೆ ನಿಂತಿರುತ್ತದೆ, ಅದರ ಟಿಕೆಟ್ಟೂ ಬಹುತೇಕ ಬೇರೆಯೇ ಇರುತ್ತದೆ. ಪುಟಾಣಿ ರೈಲನ್ನೇ ಕನಸು ಕಂಡು ಬಂದ ಮಗುವಿಗೆ ಬೀಗ ಹಾಕಿದ ಷೆಡ್ಡನ್ನು ತೋರಿಸುವಂತಾಗಬಾರದು.

ಕೆಲವು ಸಂಗ್ರಹಾಲಯಗಳು ವರ್ಷದ ಗೊತ್ತಾದ ದಿನಗಳಲ್ಲಿ ಹಳೆಯ ಎಂಜಿನ್ನಿಗೆ ನಿಜವಾಗಿ ಬೆಂಕಿ ಹಾಕಿ ಓಡಿಸುತ್ತವೆ. ತಣ್ಣಗಿರುವ ದೊಡ್ಡ ಎಂಜಿನ್ನಿನಲ್ಲಿ ಓಡುವಷ್ಟು ಉಗಿ ಕೂಡಲು ಹಲವು ಗಂಟೆಗಳೇ ಹಿಡಿಯುವುದರಿಂದ ಇಂಥ ದಿನಗಳನ್ನು ಮೊದಲೇ ಪ್ರಕಟಿಸಿರುತ್ತಾರೆ. ಐದಾರು ವರ್ಷ ದಾಟಿದ ಮಕ್ಕಳಿದ್ದರೆ ಅಂಥ ದಿನವನ್ನೇ ಆರಿಸಿಕೊಳ್ಳಿ. ಬಿಸಿ ಎಣ್ಣೆಯ ವಾಸನೆ, ಕಲ್ಲಿದ್ದಲಿನ ಹೊಗೆ, ನೆಲದ ಮೂಲಕ ಅಂಗಾಲಿಗೆ ತಲುಪುವ ನಡುಕ ಇವುಗಳನ್ನು ನಿಂತ ಎಂಜಿನ್ ಕೊಡಲಾರದು. ತೀರ ಚಿಕ್ಕ ಮಕ್ಕಳು ಅಥವಾ ದೊಡ್ಡ ಸದ್ದಿಗೆ ಬೆಚ್ಚುವ ಮಕ್ಕಳು ಇದ್ದರೆ ಮೊದಲ ಭೇಟಿಗೆ ಸದ್ದಿಲ್ಲದ ದಿನವೇ ಮೇಲು. ಹತ್ತಿರದಿಂದ ಕೇಳಿದ ಎಂಜಿನ್ನಿನ ಸಿಳ್ಳೆ ದೊಡ್ಡವರನ್ನೂ ಬೆಚ್ಚಿಬೀಳಿಸುತ್ತದೆ.

ಸಂಗ್ರಹಾಲಯ ಎಂಥ ಜಾಗದಲ್ಲಿದೆ ಎಂಬುದನ್ನೂ ತಿಳಿದುಕೊಂಡರೆ ದಿನವನ್ನು ಹೊಂದಿಸಿಕೊಳ್ಳುವುದು ಸುಲಭ. ಅಮೆರಿಕದ ಬಾಲ್ಟಿಮೋರಿನ ಸಂಗ್ರಹಾಲಯದ ಮುಖ್ಯ ಭಾಗ ಎಂಜಿನ್ನುಗಳ ದಿಕ್ಕು ತಿರುಗಿಸುವ ತಿರುಗುಹಲಗೆಯ ಸುತ್ತ 1884ರಲ್ಲಿ ಕಟ್ಟಿದ ದುಂಡು ಷೆಡ್ಡಿನಲ್ಲಿದೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಹಳೆಯ ರೈಲು ನಿಲ್ದಾಣವೇ ಸಂಗ್ರಹಾಲಯವಾಗಿದೆ. 1977ರಲ್ಲಿ ತೆರೆದ ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ ಎಂಜಿನ್ನುಗಳು ಬಹುಮಟ್ಟಿಗೆ ಬಯಲಿನಲ್ಲಿ ನಿಂತಿವೆ. ಸೂರಿನ ಕೆಳಗಿನ ಸಂಗ್ರಹಾಲಯವಾದರೆ ಹೊತ್ತಿನ ಚಿಂತೆಯಿಲ್ಲ. ಬಯಲಿನದ್ದಾದರೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ತಲುಪಬೇಕು, ಬಿಸಿಲೇರುವ ಮೊದಲೇ ಎಂಜಿನ್ನುಗಳನ್ನು ನೋಡಬೇಕು, ಒಳಾಂಗಣದ ಕೋಣೆಗಳನ್ನು ಮಧ್ಯಾಹ್ನಕ್ಕೆ ಉಳಿಸಿಕೊಳ್ಳಬೇಕು.

ಚೀಲದಲ್ಲಿ ನೀರು ಮತ್ತು ಟೋಪಿಯ ಜೊತೆಗೆ ಇನ್ನು ಮೂರು ವಸ್ತುಗಳಿರಲಿ. ಮೊದಲನೆಯದು ಚಿಕ್ಕ ಟಾರ್ಚು, ಎರಡನೆಯದು ಅಳತೆಯ ಟೇಪು, ಮೂರನೆಯದು ಗೆರೆಯಿಲ್ಲದ ನೋಟ್‌ಬುಕ್ಕು ಮತ್ತು ಪೆನ್ಸಿಲ್ಲು. ಇವುಗಳ ಉಪಯೋಗ ಮುಂದೆ ಬರುತ್ತದೆ. ಕಾಲಿಗೆ ಬೆರಳು ಮುಚ್ಚುವ ಷೂ ಬೇಕು; ಹಳಿಗಳ ನಡುವಿನ ಜಲ್ಲಿಯ ಮೇಲೆ ಚಪ್ಪಲಿ ಹಾಕಿ ನಡೆದವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ.

ಹಿಂದಿನ ದಿನ ಒಲೆಯ ಮೇಲೆ ಮುಚ್ಚಳವಿಟ್ಟ ಪಾತ್ರೆಯಲ್ಲಿ ನೀರು ಕುದಿಯುವುದನ್ನು ದೂರದಿಂದ ತೋರಿಸಿ, ಮುಚ್ಚಳ ಕುಣಿಯುವುದು ಏಕೆ ಎಂದು ಮಕ್ಕಳನ್ನು ಕೇಳಿ. ಒಂದು ಲೋಟ ನೀರು ಪೂರ್ತಿ ಉಗಿಯಾದರೆ ಅದಕ್ಕೆ ಸುಮಾರು 1,600 ಲೋಟಗಳಷ್ಟು ಜಾಗ ಬೇಕಾಗುತ್ತದೆ, ಆ ಜಾಗವನ್ನು ಕೊಡದೆ ಕೂಡಿಹಾಕಿದರೆ ಅದು ಸಿಕ್ಕಿದ್ದನ್ನು ತಳ್ಳುತ್ತದೆ ಎಂದಷ್ಟೇ ಹೇಳಿ ನಿಲ್ಲಿಸಿ. ಉಳಿದದ್ದನ್ನು ಎಂಜಿನ್ನೇ ಹೇಳಲಿ.

ಒಳಗೆ ಕಾಲಿಟ್ಟ ಮೇಲೆ

ಟಿಕೆಟ್ ಕೊಂಡ ಕೂಡಲೇ ಪುಟಾಣಿ ರೈಲಿನ ವೇಳೆಯನ್ನು ಗೊತ್ತುಮಾಡಿಕೊಂಡು, ಶೌಚಾಲಯ ಎಲ್ಲಿದೆ ಎಂದು ನೋಡಿಕೊಂಡು, ಗುಂಪಿನಲ್ಲಿ ಯಾರಾದರೂ ತಪ್ಪಿಸಿಕೊಂಡರೆ ಯಾವ ಎಂಜಿನ್ನಿನ ಬಳಿ ಬಂದು ನಿಲ್ಲಬೇಕೆಂದು ಮಕ್ಕಳಿಗೆ ತೋರಿಸಿ. ಸಾಧ್ಯವಿದ್ದರೆ ಪುಟಾಣಿ ರೈಲಿನ ಸವಾರಿಯನ್ನು ಭೇಟಿಯ ನಡುವೆ ಇಟ್ಟುಕೊಳ್ಳಿ. ಮೊದಲೇ ಮುಗಿದರೆ ಮಕ್ಕಳಿಗೆ ಉಳಿದದ್ದೆಲ್ಲ ಸಪ್ಪೆಯಾಗುತ್ತದೆ, ಕೊನೆಗೆ ಇಟ್ಟರೆ ಅದರ ಧ್ಯಾನದಲ್ಲೇ ಬೇರೆ ಯಾವುದನ್ನೂ ನೋಡುವುದಿಲ್ಲ.

ಒಂದು ಎಂಜಿನ್ನನ್ನು ಆರಿಸಿಕೊಳ್ಳುವುದು

ಎಲ್ಲಕ್ಕಿಂತ ದೊಡ್ಡದಾದ ಅಥವಾ ಹೆಸರುವಾಸಿಯಾದ ಎಂಜಿನ್ನೇ ಆಗಬೇಕೆಂದಿಲ್ಲ. ಚಾಲಕ ನಿಲ್ಲುವ ಕಟ್ಟೆಯ ಮೇಲೆ ಹತ್ತಲು ಸಂಗ್ರಹಾಲಯದವರೇ ಮೆಟ್ಟಿಲಿಟ್ಟು ಬಿಟ್ಟಿರುವಂಥದು, ಗಾಲಿಗಳನ್ನು ತಿರುಗಿಸುವ ಸರಳುಗಳು ಹೊರಗೆ ಕಾಣುವಂಥದು, ಎರಡೂ ಕಡೆಯಿಂದ ನೋಡಲು ಜಾಗವಿರುವಂಥದು ಆಗಿರಬೇಕು. ಒಳಭಾಗ ಕಾಣಲೆಂದು ಪಕ್ಕವನ್ನು ಸೀಳಿ ತೋರಿಸಿದ ಎಂಜಿನ್ ಇದ್ದರೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮೊದಲು ಮಾತಿಲ್ಲದೆ ಒಂದು ಸುತ್ತು ಬನ್ನಿ. ಆಮೇಲೆ ಗಾಲಿಗಳನ್ನು ಎಣಿಸಲು ಮಕ್ಕಳಿಗೆ ಹೇಳಿ. ಮುಂದಿರುವ ಚಿಕ್ಕ ಗಾಲಿಗಳು, ಸರಳುಗಳಿಂದ ಒಂದಕ್ಕೊಂದು ಸೇರಿಸಿರುವ ದೊಡ್ಡ ಗಾಲಿಗಳು, ಹಿಂದಿರುವ ಚಿಕ್ಕ ಗಾಲಿಗಳು ಎಂದು ಮೂರು ಗುಂಪು ಮಾಡಿ, ಎರಡೂ ಕಡೆಯವನ್ನು ಸೇರಿಸಿ ಬರೆದರೆ 4-6-2 ಎಂಬಂಥ ಸಂಖ್ಯೆ ಬರುತ್ತದೆ. ಕಲ್ಲಿದ್ದಲು ಮತ್ತು ನೀರು ಹೊರುವ ಟೆಂಡರಿನ ಗಾಲಿಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಉಗಿ ಎಂಜಿನ್ನುಗಳನ್ನು ಗುರುತಿಸಲು ಅನೇಕ ದೇಶಗಳ ರೈಲ್ವೆಯವರು ಬಳಸಿದ ಪದ್ಧತಿ ಇದೇ. ಫಲಕದಲ್ಲಿರುವ ಸಂಖ್ಯೆಯೂ ತಾವು ಎಣಿಸಿದ ಸಂಖ್ಯೆಯೂ ಒಂದೇ ಎಂದು ಕಂಡಾಗ ಮಕ್ಕಳ ಮುಖ ಅರಳುವುದನ್ನು ನಾನು ಪ್ರತಿ ಸಲವೂ ನೋಡಿದ್ದೇನೆ. ಅಲ್ಲಿಂದ ಮುಂದೆ ಆ ಫಲಕಗಳು ಅವರಿಗೆ ಓದಬೇಕೆನಿಸುವ ಬರಹಗಳಾಗುತ್ತವೆ.

ಈಗ ಕಟ್ಟೆಯ ಮೇಲೆ ಹತ್ತಿ. ಎದುರಿಗೆ ಕಾಣುವ ಕಬ್ಬಿಣದ ಬಾಗಿಲೇ ಬೆಂಕಿಗೂಡಿನದು. ಅದು ತೆರೆದಿದ್ದರೆ, ಅಲ್ಲಿನ ಸಿಬ್ಬಂದಿಯನ್ನು ಕೇಳಿಕೊಂಡು ಟಾರ್ಚು ಬಿಟ್ಟು ನೋಡಿ. ಎದುರುಗೋಡೆಯಲ್ಲಿ ಜೇನುಹುಟ್ಟಿನಂತೆ ಸಾಲು ಸಾಲಾಗಿ ತೂತುಗಳು ಕಾಣಿಸುತ್ತವೆ. ಬೆಂಕಿಯ ಬಿಸಿಗಾಳಿ ಆ ಕೊಳವೆಗಳೊಳಗೆ ಹಾದು ಹೋಗುತ್ತದೆ, ಕೊಳವೆಗಳ ಸುತ್ತ ನೀರಿರುತ್ತದೆ. ಒಂದೇ ದಪ್ಪ ಕೊಳವೆಯ ಬದಲು ಹಲವು ಸಣ್ಣ ಕೊಳವೆಗಳನ್ನು ಇಟ್ಟರೆ ನೀರಿಗೆ ಬಿಸಿ ತಾಗುವ ಮೈ ಹೆಚ್ಚುತ್ತದೆ. 1829ರಲ್ಲಿ ಇಂಗ್ಲೆಂಡಿನ ರೈನ್‌ಹಿಲ್‌ನಲ್ಲಿ ನಡೆದ ಎಂಜಿನ್ನುಗಳ ಪಂದ್ಯವನ್ನು ಗೆದ್ದ ಸ್ಟೀಫನ್‌ಸನ್ನರ ‘ರಾಕೆಟ್’ನ ಬಾಯ್ಲರಿನಲ್ಲಿ ಇಂಥ 25 ತಾಮ್ರದ ಕೊಳವೆಗಳಿದ್ದವು, ಆಮೇಲಿನ ಉಗಿ ಎಂಜಿನ್ನುಗಳು ಅದೇ ದಾರಿ ಹಿಡಿದವು.

ಬೆಂಕಿಗೂಡಿನ ಬಾಗಿಲ ಮೇಲೆ ನಿಂತಿರುವ ಗಾಜಿನ ಕೊಳವೆಯನ್ನು ತಪ್ಪದೆ ತೋರಿಸಬೇಕು. ಬಾಯ್ಲರಿನೊಳಗೆ ನೀರು ಎಷ್ಟಿದೆ ಎಂದು ತಿಳಿಸುವುದು ಅದು. ಚಾಲಕನೂ ಬೆಂಕಿ ನೋಡಿಕೊಳ್ಳುವವನೂ ತಮ್ಮ ಪಾಳಿಯುದ್ದಕ್ಕೂ ಅದರ ಮೇಲೆ ಕಣ್ಣಿಟ್ಟಿರುತ್ತಿದ್ದರು, ಏಕೆಂದರೆ ಬೆಂಕಿಗೂಡಿನ ಮೇಲ್ಛಾವಣಿಯನ್ನು ಮುಚ್ಚುವಷ್ಟು ನೀರು ಇಲ್ಲದಿದ್ದರೆ ಆ ಲೋಹ ಕಾದು ಮೆತ್ತಗಾಗಿ ಬಾಯ್ಲರು ಸಿಡಿಯುವ ಅಪಾಯವಿತ್ತು. ಅವರ ಕಣ್ಣು ತಪ್ಪಿದರೂ ಕಾಪಾಡಲೆಂದು ಆ ಛಾವಣಿಯಲ್ಲಿ ಸೀಸದಂಥ ಬೇಗ ಕರಗುವ ಲೋಹ ತುಂಬಿದ ಬಿರಟೆಯನ್ನು ಕೂರಿಸಿರುತ್ತಿದ್ದರು. ನೀರು ಇಳಿದರೆ ಅದು ಕರಗಿ, ಉಗಿ ನೇರವಾಗಿ ಬೆಂಕಿಯ ಮೇಲೆ ಹಾಯ್ದು ಎಚ್ಚರಿಸುತ್ತಿತ್ತು. ಕಲ್ಲಿದ್ದಲು ಎತ್ತಿ ಹಾಕುವ ದೊಡ್ಡ ಸಲಿಕೆ ಇದ್ದರೆ, ಮಕ್ಕಳು ಅದರ ಗಾತ್ರ ನೋಡಲಿ. ಓಲಾಡುವ ಈ ಕಟ್ಟೆಯ ಮೇಲೆ ನಿಂತು ಪಾಳಿ ಮುಗಿಯುವವರೆಗೆ ಆ ಸಲಿಕೆಯನ್ನು ಎತ್ತಿದವರ ತೋಳು ಬೆನ್ನುಗಳ ಬಗ್ಗೆ ಅವರೊಡನೆ ಎರಡು ಮಾತು ಆಡಿ. ಎಂಜಿನ್ನಿನ ಬೆಡಗನ್ನು ಹೊಗಳುವ ಫಲಕಗಳು ಆ ದುಡಿಮೆಯ ಬಗ್ಗೆ ಹೇಳುವುದು ಬಹಳ ಕಡಿಮೆ ಎಂಬುದು ನನ್ನ ಬೇಸರ.

ಕೆಳಗಿಳಿದು ಎಂಜಿನ್ನಿನ ಮುಂಭಾಗಕ್ಕೆ ಬನ್ನಿ. ಗಾಲಿಗಳ ಮುಂದಿರುವ ದಪ್ಪ ಉರುಳೆಯೇ ಸಿಲಿಂಡರು. ಅದರೊಳಗಿನ ಪಿಸ್ಟನ್ನನ್ನು ಉಗಿ ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ತಳ್ಳುತ್ತದೆ. ಉದ್ದನೆಯ ಸರಳು ಆ ಹಿಂದುಮುಂದಿನ ಓಟವನ್ನು ಗಾಲಿಯ ಸುತ್ತಾಟವಾಗಿ ಮಾರ್ಪಡಿಸುತ್ತದೆ. ಇಲ್ಲಿ ಮಕ್ಕಳಿಗೊಂದು ಕೆಲಸ ಕೊಡಿ. ಈ ಕಡೆ ಸರಳು ಗಾಲಿಗೆ ಸೇರುವ ಜಾಗ ಮೇಲಿದೆಯೋ ಕೆಳಗಿದೆಯೋ ನೋಡಿಕೊಂಡು, ಸುತ್ತಿಹೋಗಿ ಆ ಕಡೆಯದು ಎಲ್ಲಿದೆ ಎಂದು ನೋಡಿ ಬರಲಿ. ಎರಡು ಸಿಲಿಂಡರುಗಳ ಎಂಜಿನ್ನಿನಲ್ಲಿ ಎರಡೂ ಕಡೆ ಒಂದೇ ಇರುವುದಿಲ್ಲ, ಕಾಲು ಸುತ್ತಿನ ವ್ಯತ್ಯಾಸವಿರುತ್ತದೆ. ಎರಡೂ ಒಂದೇ ಆಗಿದ್ದಿದ್ದರೆ, ಪಿಸ್ಟನ್ನುಗಳು ತುದಿಗೆ ಬಂದು ನಿಂತಾಗ ಎಷ್ಟೇ ಉಗಿ ಬಿಟ್ಟರೂ ಗಾಲಿ ತಿರುಗುತ್ತಿರಲಿಲ್ಲ. ಈಗ ಒಂದು ಕಡೆಯದು ಸಿಕ್ಕಿಕೊಂಡಾಗ ಇನ್ನೊಂದು ಕಡೆಯದು ಪೂರ್ತಿ ಬಲದಿಂದ ತಳ್ಳುತ್ತಿರುತ್ತದೆ. ಗಾಲಿಯೊಳಗೆ ಸರಳಿನ ಎದುರು ಬದಿಯಲ್ಲಿ ಬಿದಿಗೆಯ ಚಂದ್ರನ ಆಕಾರದ ಕಬ್ಬಿಣದ ತುಂಡೊಂದು ಕಾಣುತ್ತದೆ. ಸರಳುಗಳ ಭಾರವನ್ನು ಸರಿದೂಗಿಸಿ ಎಂಜಿನ್ ಕುಲುಕಾಡದಂತೆ ತಡೆಯುವುದು ಅದರ ಕೆಲಸ.

ಕೆಲಸ ಮುಗಿಸಿದ ಉಗಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಇಲ್ಲಿ ಕೇಳಬೇಕು, ಏಕೆಂದರೆ ಉಗಿ ಎಂಜಿನ್ನಿನ ಅತ್ಯಂತ ಸುಂದರವಾದ ಗುಟ್ಟು ಇದರ ಉತ್ತರದಲ್ಲಿದೆ. ಅದು ಹೊಗೆಕೊಳವೆಯ ಕೆಳಗಿರುವ ಮೂತಿಯೊಂದರಿಂದ ರಭಸವಾಗಿ ಮೇಲಕ್ಕೆ ಚಿಮ್ಮುತ್ತದೆ, ಚಿಮ್ಮುವಾಗ ಸುತ್ತಲಿನ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ, ಆ ಎಳೆತಕ್ಕೆ ಬೆಂಕಿಗೂಡಿನೊಳಗೆ ಹೊಸ ಗಾಳಿ ನುಗ್ಗಿ ಬೆಂಕಿ ಪ್ರಜ್ವಲಿಸುತ್ತದೆ. ಎಂಜಿನ್ ಹೆಚ್ಚು ದುಡಿದಷ್ಟೂ ಬೆಂಕಿ ತಾನಾಗಿಯೇ ಹೆಚ್ಚು ಉರಿಯುವ ಏರ್ಪಾಡು ಇದು. ‘ಛುಕ್ ಛುಕ್’ ಎಂದು ಮಕ್ಕಳು ಅನುಕರಿಸುವ ಸದ್ದು ಹುಟ್ಟುವುದೂ ಈ ಚಿಮ್ಮುವಿಕೆಯಿಂದಲೇ. ಎರಡು ಸಿಲಿಂಡರುಗಳಿರುವ ಎಂಜಿನ್ನಿನಲ್ಲಿ ದೊಡ್ಡ ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಈ ಸದ್ದು ನಾಲ್ಕು ಸಲ ಬರುತ್ತದೆ. ಬೆಂಕಿ ಹಾಕಿ ಓಡಿಸುವ ದಿನ ಹೋಗಿದ್ದರೆ, ಎಂಜಿನ್ ನಿಧಾನವಾಗಿ ಹೊರಡುವಾಗ ಗಾಲಿಯ ಮೇಲೆ ಕಣ್ಣಿಟ್ಟು ಎಣಿಸಿ ನೋಡಬಹುದು.

ಉಳಿದ ಎಂಜಿನ್ನುಗಳು

ಇಷ್ಟಾದ ಮೇಲೆ ಬೇರೆ ಎಂಜಿನ್ನುಗಳ ಬಳಿ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಪ್ರಯಾಣಿಕರ ರೈಲು ಎಳೆದ ಎಂಜಿನ್ನಿನ ಗಾಲಿಗಳು ಏಕೆ ದೊಡ್ಡವು, ಸರಕು ಎಳೆದದ್ದರ ಗಾಲಿಗಳು ಏಕೆ ಚಿಕ್ಕವು ಮತ್ತು ಹೆಚ್ಚು ಎಂದು ಕೇಳಿದರೆ ಸಾಕು. ದೊಡ್ಡ ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ. ಚಿಕ್ಕ ಗಾಲಿ ಭಾರ ಎಳೆಯಲು ಅನುಕೂಲ. ಇಂಗ್ಲೆಂಡಿನ ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಸೇರಿದ 1870ರ ಒಂದು ಎಂಜಿನ್ನಿಗೆ ಸುಮಾರು 2.4 ಮೀಟರ್ ಎತ್ತರದ ಒಂದೇ ಜೊತೆ ಚಾಲಕ ಗಾಲಿಗಳಿವೆ, ಅಂದರೆ ಸರಳು ತಿರುಗಿಸುವ ಗಾಲಿಗಳು. 1938ರ ಜುಲೈ 3ರಂದು ಗಂಟೆಗೆ 203 ಕಿಲೋಮೀಟರ್ ವೇಗ ಮುಟ್ಟಿ ಉಗಿ ಎಂಜಿನ್ನಿನ ದಾಖಲೆ ಬರೆದ ‘ಮ್ಯಾಲರ್ಡ್’ ಕೂಡ ಅದೇ ಸಂಗ್ರಹಾಲಯದ್ದು. ಅದು 4-6-2 ಜೋಡಣೆಯ ಎಂಜಿನ್.

ಡೀಸೆಲ್ ಮತ್ತು ವಿದ್ಯುತ್ ಎಂಜಿನ್ನುಗಳ ಮೈ ಮುಚ್ಚಿರುವುದರಿಂದ ಮಕ್ಕಳು ಅವನ್ನು ದಾಟಿ ಹೋಗಿಬಿಡುತ್ತಾರೆ. ಹೆಚ್ಚಿನ ದೊಡ್ಡ ಡೀಸೆಲ್ ಎಂಜಿನ್ನುಗಳಲ್ಲಿ ಡೀಸೆಲ್ ಯಂತ್ರ ಗಾಲಿಯನ್ನು ನೇರವಾಗಿ ತಿರುಗಿಸುವುದಿಲ್ಲ, ವಿದ್ಯುತ್ತನ್ನು ಉತ್ಪಾದಿಸುತ್ತದೆ, ಗಾಲಿಗಳನ್ನು ತಿರುಗಿಸುವುದು ಮೋಟಾರುಗಳು ಎಂದು ಹೇಳಿದರೆ ದೊಡ್ಡವರೂ ಒಮ್ಮೆ ನಿಂತು ನೋಡುತ್ತಾರೆ.

ಹಳಿ ಮತ್ತು ಗಾಲಿ

ಅಳತೆಯ ಟೇಪನ್ನು ತೆಗೆಯಬೇಕಾದ್ದು ಇಲ್ಲಿ. ಪ್ರದರ್ಶನಕ್ಕೆಂದು ಹಾಕಿದ, ಯಾವ ರೈಲೂ ಓಡದ ಹಳಿಯಲ್ಲಿ, ಸಿಬ್ಬಂದಿಯ ಒಪ್ಪಿಗೆ ಪಡೆದು, ಒಂದು ಹಳಿಯ ಒಳಮೈಯಿಂದ ಇನ್ನೊಂದರ ಒಳಮೈಗೆ ಎಷ್ಟಿದೆ ಎಂದು ಅಳೆಯಿರಿ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ 1,435 ಮಿಲಿಮೀಟರ್. ಭಾರತದ ಬ್ರಾಡ್ ಗೇಜ್ 1,676, ರಷ್ಯಾದ್ದು 1,520, ಮೀಟರ್ ಗೇಜ್ ಹೆಸರೇ ಹೇಳುವಂತೆ 1,000, ಬೆಟ್ಟದ ಸಣ್ಣ ರೈಲುಗಳಲ್ಲಿ ಕಾಣುವ ನ್ಯಾರೋ ಗೇಜ್‌ಗಳು 762 ಅಥವಾ 610 ಮಿಲಿಮೀಟರ್. ಇದನ್ನು ಪುಟಾಣಿ ರೈಲಿನ ಹಳಿಯ ಅಳತೆಯೊಡನೆ ಹೋಲಿಸಿದರೆ ಸವಾರಿಗೂ ಹೊಸ ಅರ್ಥ ಬರುತ್ತದೆ.

ಗಾಲಿಯ ಅಂಚಿನಲ್ಲಿ ಒಳಗಡೆಗೆ ಚಾಚಿದ ತುಟಿಯನ್ನು ತೋರಿಸಿ, ರೈಲು ಹಳಿ ತಪ್ಪದಿರುವುದು ಅದರಿಂದ ಎಂದು ಹೇಳುವುದು ವಾಡಿಕೆ. ಅದು ಅರ್ಧ ಮಾತ್ರ ನಿಜ. ಗಾಲಿಯ ಮೈ ಸಮತಟ್ಟಾಗಿರದೆ, ಹೊರಗಿನಿಂದ ಒಳಕ್ಕೆ ಬಂದಂತೆ ತುಸುವೇ ದಪ್ಪವಾಗುವ ಶಂಕುವಿನ ಆಕಾರದಲ್ಲಿರುತ್ತದೆ. ಎರಡೂ ಕಡೆಯ ಗಾಲಿಗಳು ಒಂದೇ ಅಚ್ಚಿಗೆ ಬಿಗಿಯಾಗಿ ಕೂಡಿಕೊಂಡಿರುತ್ತವೆ. ತಿರುವಿನಲ್ಲಿ ಗಾಲಿಜೋಡಿ ಹೊರಗಡೆಗೆ ಸರಿದಾಗ ಹೊರಗಿನ ಗಾಲಿ ತನ್ನ ದಪ್ಪ ಭಾಗದ ಮೇಲೆ, ಒಳಗಿನದು ತೆಳು ಭಾಗದ ಮೇಲೆ ಉರುಳಿ, ಜೋಡಿ ತಾನಾಗಿಯೇ ತಿರುವಿನ ದಾರಿ ಹಿಡಿಯುತ್ತದೆ. ತುಟಿ ಇರುವುದು ಕಡುತಿರುವಿನಂಥ ಕಡೆಗಳಲ್ಲಿ ಕೊನೆಯ ಕಾವಲಾಗಿ.

ಒಳಾಂಗಣದಲ್ಲಿ ಏನನ್ನು ಆರಿಸಿಕೊಳ್ಳಬೇಕು

ರಾಜರಾಣಿಯರ ಬೋಗಿಗಳು, ಸಮವಸ್ತ್ರಗಳು, ಲಾಂದ್ರಗಳು ತಾವಾಗಿಯೇ ಕಣ್ಣು ಸೆಳೆಯುತ್ತವೆ, ಅವುಗಳಿಗೆ ಮಾರ್ಗದರ್ಶನ ಬೇಡ. ನಾನು ಒತ್ತಿ ಹೇಳುವುದು ಜನ ನೋಡದೆ ಹೋಗುವ ಎರಡು ಸಂಗತಿಗಳ ಬಗ್ಗೆ.

ಒಂದು, ಒಂಟಿ ಹಳಿಯ ಮಾರ್ಗದಲ್ಲಿ ಬಳಸುತ್ತಿದ್ದ ಟೋಕನ್ ಯಂತ್ರ. ಎರಡು ನಿಲ್ದಾಣಗಳಲ್ಲಿರುವ ಯಂತ್ರಗಳು ತಂತಿಯ ಮೂಲಕ ಒಂದಕ್ಕೊಂದು ಸೇರಿರುತ್ತವೆ; ಒಂದರಿಂದ ಒಂದು ಟೋಕನ್ ಹೊರಗೆ ಬಂದರೆ, ಅದು ಎರಡರಲ್ಲಿ ಯಾವುದಾದರೊಂದಕ್ಕೆ ಮರಳುವವರೆಗೆ ಮತ್ತೊಂದು ಹೊರಬರುವುದಿಲ್ಲ. ಟೋಕನ್ ಕೈಯಲ್ಲಿಲ್ಲದೆ ಚಾಲಕ ಹೊರಡುವಂತಿಲ್ಲ. ಎದುರುಬದುರು ಎರಡು ರೈಲುಗಳು ಬರದಂತೆ ಮಾಡಲು ಇಷ್ಟು ಸಾಕಾಯಿತು. ಮಕ್ಕಳು ಮನೆಯಲ್ಲಿ ಒಂದು ಚಮಚವನ್ನು ಟೋಕನ್ ಮಾಡಿಕೊಂಡು ಓಣಿಯಂಥ ಜಾಗದಲ್ಲಿ ಆಡಬಹುದಾದ ಒಳ್ಳೆಯ ಆಟವೂ ಇದರಲ್ಲಿದೆ.

ಇನ್ನೊಂದು, ಬ್ರೇಕು. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಗಾಳಿಯ ಬ್ರೇಕನ್ನು ತಂದ. ಕೆಲವೇ ವರ್ಷಗಳಲ್ಲಿ ಅದನ್ನು ತಿರುವುಮುರುವು ಮಾಡಿ ಸುಧಾರಿಸಿದ. ಸುಧಾರಿಸಿದ ಬ್ರೇಕಿನಲ್ಲಿ ಕೊಳವೆಯಲ್ಲಿ ಗಾಳಿಯ ಒತ್ತಡ ಇರುವವರೆಗೆ ಗಾಲಿಗಳು ಬಿಡುಗಡೆಯಾಗಿರುತ್ತವೆ, ಒತ್ತಡ ಇಳಿದರೆ ಬ್ರೇಕು ಹಿಡಿಯುತ್ತದೆ. ಹಾಗಾಗಿ ರೈಲು ನಡುವೆ ತುಂಡಾದರೂ ಎರಡೂ ಭಾಗಗಳು ತಾವಾಗಿಯೇ ನಿಲ್ಲುತ್ತವೆ. ಬೋಗಿಗಳ ನಡುವೆ ಜೋತುಬಿದ್ದಿರುವ ರಬ್ಬರು ಕೊಳವೆಗಳನ್ನು ತೋರಿಸಿ ಇದನ್ನು ವಿವರಿಸಿದರೆ, ಅಪಾಯದ ಸರಪಳಿ ಎಳೆದಾಗ ರೈಲು ನಿಲ್ಲುವುದು ಹೇಗೆ ಎಂದು ಹತ್ತು ವರ್ಷದ ಮಗು ತಾನೇ ಊಹಿಸುತ್ತದೆ.

ಮೈಮರೆಯಬಾರದ ಕೆಲವು ಸಂಗತಿಗಳು

ಬಿಸಿಲಿಗೆ ನಿಂತ ಕಬ್ಬಿಣ ಮಗುವಿನ ಅಂಗೈ ಸುಡುವಷ್ಟು ಕಾದಿರುತ್ತದೆ. ಮಕ್ಕಳು ಮುಟ್ಟುವ ಮೊದಲು ನೀವು ಮುಟ್ಟಿ ನೋಡಿ. ಎಂಜಿನ್ನಿನ ಕೆಳಗೆ ನೋಡಲೆಂದು ಹಳಿಗಳ ನಡುವೆ ತೋಡಿದ ಗುಂಡಿಗಳು, ತಿರುಗುಹಲಗೆಯ ಅಂಚು, ಬೋಗಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದು ಇವು ಮೂರೂ ಓಡುವ ಮಕ್ಕಳು ಬೀಳುವ ಜಾಗಗಳು. ಬಯಲಿನಲ್ಲಿ ಹಾಳುಬಿದ್ದಂತೆ ನಿಂತಿರುವ ಹಳೆಯ ಎಂಜಿನ್ನುಗಳ ಬಾಯ್ಲರಿನ ಹೊದಿಕೆ ಕಿತ್ತುಬಂದಿದ್ದರೆ ಅದನ್ನು ಕೆದಕಲು ಬಿಡಬೇಡಿ. ಹಿಂದೆ ಬಿಸಿ ಹೊರಹೋಗದಂತೆ ಸುತ್ತುತ್ತಿದ್ದ ವಸ್ತುಗಳಲ್ಲಿ ಕಲ್ನಾರು ಸಾಮಾನ್ಯವಾಗಿತ್ತು, ಅದರ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಪುಟಾಣಿ ರೈಲಿನ ಹಳಿ ಆಟಿಕೆಯಂತೆ ಕಂಡರೂ ರೈಲು ಓಡುವ ಹಳಿಯೇ ಆಗಿರುವುದರಿಂದ ಗೊತ್ತಾದ ಜಾಗದಲ್ಲಿ ಮಾತ್ರ ದಾಟಬೇಕು.

ಅಜ್ಜ ಅಜ್ಜಿಯರು ಜೊತೆಗಿದ್ದರೆ ನೆರಳಿನ ಬೆಂಚು ಎಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ, ಗಾಲಿಕುರ್ಚಿ ಬೇಕಿದ್ದರೆ ಬಾಗಿಲಲ್ಲೇ ಕೇಳಿ. ಉಗಿ ರೈಲಿನಲ್ಲಿ ಓಡಾಡಿದ ಹಿರಿಯರು ಇದ್ದರೆ, ಕಣ್ಣಿಗೆ ಬಿದ್ದ ಕಲ್ಲಿದ್ದಲಿನ ಕಿಡಿಯ ಕಥೆಯನ್ನು ಅವರೇ ಮಕ್ಕಳಿಗೆ ಹೇಳಲಿ. ಆ ಹೊತ್ತಿಗೆ ನೀವು ಸುಮ್ಮನಿದ್ದುಬಿಡಿ.

ಮನೆಗೆ ಮರಳಿದ ಮೇಲೆ

ಸಂಗ್ರಹಾಲಯದಿಂದ ಹೊರಡುವ ಮೊದಲು, ನೀವು ಆರಿಸಿಕೊಂಡಿದ್ದ ಎಂಜಿನ್ನಿನ ಬಳಿ ಮತ್ತೊಮ್ಮೆ ಹೋಗಿ, ಮಕ್ಕಳು ನೋಟ್‌ಬುಕ್ಕಿನಲ್ಲಿ ಅದರ ಚಿತ್ರ ಬರೆಯಲಿ. ಚಿತ್ರ ಚೆನ್ನಾಗಿರಬೇಕೆಂದಿಲ್ಲ. ಸರಳು ಸಿಲಿಂಡರಿನಿಂದ ಹೊರಟು ಗಾಲಿಗೆ ಸೇರಿದೆಯೇ ಎಂಬುದನ್ನಷ್ಟೇ ನೋಡಿ.

ಮನೆಯಲ್ಲಿ ಎರಡು ಕಾಗದದ ಲೋಟಗಳನ್ನು ಬಾಯಿಗೆ ಬಾಯಿ ಕೂಡಿಸಿ ಅಂಟಿಸಿ, ಓರೆಯಾಗಿ ಹಿಡಿದ ಎರಡು ಉದ್ದ ಕಡ್ಡಿಗಳ ಮೇಲೆ ಉರುಳಿಸಿ. ತುಸು ಪಕ್ಕಕ್ಕೆ ಇಟ್ಟರೂ ಅದು ತಾನಾಗಿಯೇ ನಡುವಿಗೆ ಬಂದು ಕೆಳಗಿನವರೆಗೆ ಉರುಳುತ್ತದೆ. ಆಮೇಲೆ ಇನ್ನೆರಡು ಲೋಟಗಳನ್ನು ತಳಕ್ಕೆ ತಳ ಕೂಡಿಸಿ ಅಂಟಿಸಿ ಉರುಳಿಸಿ. ಅದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಡ್ಡಿಗಳಿಂದ ಜಾರಿ ಬೀಳುತ್ತದೆ. ಏಕೆ ಬಿತ್ತು ಎಂಬುದನ್ನು ನೀವು ಹೇಳಬೇಡಿ. ಬೆಳಗ್ಗೆ ಗಾಲಿಯ ಮೈಯನ್ನು ಬೆರಳಿನಿಂದ ಸವರಿ ನೋಡಿದವರು ಹೇಳುತ್ತಾರೆ.